ಅಣ್ಣ ಹಾರಿಸಿದ ಅಧ್ಯಾಯ

ಮೆಕ್ಸಿಕೋ ನಗರ
೧೧ ಜನವರಿ ೧೯೪೯

ಪ್ರೀತಿಯ ಅಣ್ಣ ಎವರಿಸ್ತೊಗೆ,

ಈ ಕಾಗದದ ಜೊತೆ ಒಂದು ಪೊಟ್ಟಣವೂ ನಿನ್ನ ಕೈ ಸೇರಿರಬೇಕು. ಮೊದಲು ಕಾಗದ ಓದು, ಆಮೇಲೆ ಪೊಟ್ಟಣ ಬಿಚ್ಚು. ನೀನು ಎಲ್ಲವನ್ನೂ ತಿರುವುಮುರುವು ಮಾಡುವವನು, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ಒಳಗಿರುವುದು ಪುಸ್ತಕ. ರಟ್ಟಿನ ಮೇಲಿರುವ ಹೆಸರು ನನ್ನದೇ, ಒಬ್ದೂಲಿಯಾ ಕಿನ್ಯೋನೆಸ್. ಹನ್ನೆರಡು ವರ್ಷದಿಂದ ಬೇರೆಯವರ ಪುಸ್ತಕಗಳನ್ನು ಬೆರಳಚ್ಚು ಮಾಡಿಕೊಂಡೇ ಬಂದವಳು ಹೋದ ವರ್ಷ ಒಂದು ಭಾನುವಾರ, ಮಾಡಲು ಬೇರೇನೂ ಕೆಲಸವಿಲ್ಲದೆ, ನಮ್ಮ ಮನೆಯ ಬಗ್ಗೆ ನಾಲ್ಕು ಪುಟ ಹೊಡೆದೆ. ಅದು ಮೇಜಿನ ಮೇಲೆ ಉಳಿದುಹೋಗಿತ್ತು. ನಮ್ಮ ಪ್ರಕಾಶಕ ಸೆನ್ಯೋರ್ ಲಾಂದೇತ ಅದನ್ನು ತನ್ನ ಕಾಗದವೆಂದು ತಿಳಿದು ಒಯ್ದು, ಓದಿ, ನಗುತ್ತ ಹೊರಗೆ ಬಂದು, "ಇನ್ನೂ ಇದ್ಯಾ?" ಎಂದ. ಇತ್ತು. ಹನ್ನೊಂದು ಜನ ಒಂದೇ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದ ಮನೆಯಲ್ಲಿ ಕಥೆಗೇನು ಬರ. ಪುಸ್ತಕದ ಹೆಸರೂ ಅದೇ: 'ಹನ್ನೊಂದು ಜನಕ್ಕೆ ಒಂದು ಕನ್ನಡಿ'.

ಇಲ್ಲಿ ಜನ ನಗುತ್ತಿದ್ದಾರೆ, ಅಣ್ಣ. ಆದರೆ ಇವರ್ಯಾರಿಗೂ ನಮ್ಮ ಅಮ್ಮ ಗೊತ್ತಿಲ್ಲ, ನಮ್ಮ ಓಣಿ ಗೊತ್ತಿಲ್ಲ. ಗೊತ್ತಿರುವವರು ನಗುತ್ತಾರೋ ಇಲ್ಲವೋ ನನಗೆ ತಿಳಿಯಬೇಕು. ನಿನ್ನ ಚುಟ್ಟದ ಕಾರ್ಖಾನೆಯಲ್ಲಿ ಕೆಲಸದವರಿಗೆ ದಿನವೂ ಪುಸ್ತಕ ಓದಿ ಹೇಳುತ್ತೀಯಲ್ಲ, ಮಧ್ಯಾಹ್ನದ ಹೊತ್ತು ಇದರಿಂದ ಒಂದು ಅಧ್ಯಾಯವನ್ನಾದರೂ ಓದಿ ಹೇಳುತ್ತೀಯಾ? ಒಂದೇ ಒಂದು.

ನಾಲ್ಕನೆಯ ಅಧ್ಯಾಯ ನಿನ್ನ ಬಗ್ಗೆ. ಸಿಟ್ಟು ಮಾಡಿಕೊಳ್ಳಬೇಡ. ಪೂರ್ತಿ ಓದಿದ ಮೇಲೆ ಬೇಕಾದರೆ ಮಾಡಿಕೋ.

ನಿನ್ನ ತಂಗಿ,
ಯುಯಾ


ಕಬಾಯ್ಗ್ವಾನ್
೬ ಫೆಬ್ರವರಿ ೧೯೪೯

ತಂಗಿ ಒಬ್ದೂಲಿಯಾಗೆ,

ಪುಸ್ತಕ ತಲುಪಿತು. ರಟ್ಟು ಗಟ್ಟಿಯಾಗಿದೆ, ಕಾಗದವೂ ಒಳ್ಳೆಯದು. ಅಭಿನಂದನೆಗಳು.

ಇಪ್ಪತ್ತಾರು ವರ್ಷದಿಂದ ಇನ್ನೂರು ಜನರಿಗೆ ದಿನವೂ ಓದಿ ಹೇಳುತ್ತಿರುವವನಾಗಿ ಒಂದೆರಡು ಮಾತು ಹೇಳಬಹುದೆಂದುಕೊಂಡಿದ್ದೇನೆ. ಹತ್ತೊಂಬತ್ತನೆಯ ಪುಟದ ವಾಕ್ಯ ಒಂದೇ ಉಸಿರಿಗೆ ಓದಲಾಗದಷ್ಟು ಉದ್ದವಿದೆ. ಅಪ್ಪನ ಹೇಸರಗತ್ತೆಯ ಹೆಸರು ಮಾರ್ಕೇಸ, ನೀನು ಬರೆದಂತೆ ದುಕೇಸ ಅಲ್ಲ. ಅಮ್ಮ ಗುಡುಗಿಗೆ ಹೆದರಿ ಮಂಚದ ಕೆಳಗೆ ನುಸುಳಿ, ಅಲ್ಲಿಂದಲೇ ಅಡುಗೆಗೆ ಅಪ್ಪಣೆ ಕೊಡುತ್ತಿದ್ದಳೆನ್ನುವುದು ನಿಜ. ನಿಜವೆಂದ ಮಾತ್ರಕ್ಕೆ ಪರದೇಶದಲ್ಲಿ ಅಚ್ಚು ಹಾಕಿಸಿ ಹಂಚಬೇಕೇ? ಅವಳು ಹೋಗಿ ಎಂಟು ವರ್ಷವಾಯಿತು. ಮಣ್ಣು ಹಾಕಲು ನೀನು ಬರಲಿಲ್ಲ. ಈಗ ನಗಿಸಲು ಬಂದಿದ್ದೀ.

ಕಾರ್ಖಾನೆಯ ಪದ್ಧತಿ ನಿನಗೆ ಮರೆತಿರಬಹುದು. ಏನು ಓದಬೇಕೆಂದು ಓದುವವನು ತೀರ್ಮಾನಿಸುವುದಿಲ್ಲ, ಚುಟ್ಟ ಸುತ್ತುವವರು ಮತ ಹಾಕಿ ತೀರ್ಮಾನಿಸುತ್ತಾರೆ. ನಿನ್ನ ಪುಸ್ತಕವನ್ನು ಮತಕ್ಕೆ ಇಟ್ಟೆ. ಏಳು ಮತ ಬಂತು. ನನ್ನಿಂದ ಆದದ್ದನ್ನು ಮಾಡಿದ್ದೇನೆ.

ಅವರು ಆರಿಸಿದ್ದು 'ಉಪ್ಪಿನ ಕೋಟೆ'. ಆರ್ಮಾಂದ್ ದ ವಿಲ್ಗ್ರೆನ್ ಎಂಬ ಫ್ರೆಂಚ್ ಲೇಖಕನ ಐತಿಹಾಸಿಕ ಸಾಹಸ ಕಾದಂಬರಿ. ಕಡಲ್ಗಳ್ಳರು ಮುತ್ತಿದ ಊರು, ಗಂಟೆಗಳನ್ನು ಕರಗಿಸಿ ಫಿರಂಗಿ ಎರೆಯುವ ವಿಧವೆ, ಬಂದರಿನ ಬಾಯಲ್ಲಿ ಸರಪಳಿ. ದಿನವಿಡೀ ಹೊಗೆಸೊಪ್ಪಿನ ಮುಂದೆ ಬಗ್ಗಿ ಕೂರುವವರಿಗೆ ಬೇಕಾದದ್ದು ಇಂಥದ್ದು. ತಮ್ಮ ಮನೆಯ ಕನ್ನಡಿಯನ್ನು ಅವರು ಮನೆಯಲ್ಲೇ ನೋಡಿಕೊಳ್ಳುತ್ತಾರೆ.

ಆರೋಗ್ಯ ನೋಡಿಕೋ.

ಎವರಿಸ್ತೊ ಕಿನ್ಯೋನೆಸ್


ಮೆಕ್ಸಿಕೋ ನಗರ
೨೭ ಫೆಬ್ರವರಿ ೧೯೪೯

ಪ್ರೀತಿಯ ಅಣ್ಣ,

ಮನೆತನದ ಹೆಸರು ಸೇರಿಸಿ ಸಹಿ ಹಾಕಿದ್ದೀಯ. ಬ್ಯಾಂಕಿನಿಂದ ಬಂದ ಕಾಗದವೆಂದುಕೊಂಡೆ.

ಅಮ್ಮನ ಸುದ್ದಿಯ ತಂತಿ ನನಗೆ ಸಿಕ್ಕಿದ್ದು ಒಂಬತ್ತು ದಿನದ ಮೇಲೆ. ಇದನ್ನು ಆಗಲೂ ಬರೆದಿದ್ದೆ, ಈಗಲೂ ಬರೆಯುತ್ತಿದ್ದೇನೆ. ಇನ್ನೊಂದು ಸಲ ಬರೆಯುವುದಿಲ್ಲ.

ಏಳು ಮತ ಎಂದಾಗ ಯಾರ ಏಳು ಎಂದು ಲೆಕ್ಕ ಹಾಕುತ್ತ ಕೂತೆ. ನಮ್ಮ ಪಕ್ಕದ ಮನೆಯ ನೀವೆಸ್ ತೊಲೇದೊ ಇನ್ನೂ ಚುಟ್ಟ ಸುತ್ತುತ್ತಾಳಲ್ಲ, ಅವಳದ್ದು ಒಂದು ಇರಲೇಬೇಕು. ಉಳಿದ ಆರು ಜನಕ್ಕೂ ನನ್ನ ಮುತ್ತು ತಲುಪಿಸು. ಇಲ್ಲಿ ಪುಸ್ತಕ ಎರಡನೆಯ ಸಲ ಅಚ್ಚಾಗುತ್ತಿದೆ. ಆದರೂ ನಿನ್ನ ಕಾಗದ ಬಂದ ದಿನ ನನಗೆ ಕೆಲಸದಲ್ಲಿ ಮನಸ್ಸೇ ಇರಲಿಲ್ಲ.

ಆ ವಿಲ್ಗ್ರೆನ್ ಯಾರು? ನಮ್ಮ ಕಚೇರಿಯಲ್ಲಿ ಫ್ರೆಂಚ್ ಪುಸ್ತಕ ನೋಡಿಕೊಳ್ಳುವ ಮುದುಕರನ್ನು ಕೇಳಿದೆ, ಗೊತ್ತಿಲ್ಲ ಎಂದರು. ಲಾಂದೇತನಿಗೆ ಇಂಥ ಕಥೆಗಳೆಂದರೆ ಪ್ರಾಣ. ಕತ್ತಿ, ಕಡಲು, ಕೋಟೆ ಇರುವ ಒಳ್ಳೆಯ ಕಾದಂಬರಿಗಾಗಿ ವರ್ಷದಿಂದ ಹುಡುಕುತ್ತಿದ್ದಾನೆ. ನಿನ್ನಲ್ಲಿರುವ ಪ್ರತಿಯನ್ನು ಒಂದು ತಿಂಗಳ ಮಟ್ಟಿಗೆ ಕಳಿಸುತ್ತೀಯಾ?

ನಾಲ್ಕನೆಯ ಅಧ್ಯಾಯದ ಬಗ್ಗೆ ನೀನು ಒಂದು ಮಾತೂ ಹೇಳಿಲ್ಲ.

ಯುಯಾ


ಕಬಾಯ್ಗ್ವಾನ್
೨೦ ಮಾರ್ಚ್ ೧೯೪೯

ಯುಯಾ,

ಪ್ರತಿ ಕಳಿಸಲಾಗದು. ಹಳೆಯದು, ಮುಖಪುಟ ಹೋಗಿದೆ, ಎಲ್ಲಿ ಅಚ್ಚಾದದ್ದೆಂದು ನನಗೇ ತಿಳಿಯದು. ಕೈಯಲ್ಲಿ ಹಿಡಿದರೆ ಪುಡಿಯಾಗುತ್ತದೆ.

ಆದರೆ ಕೇಳು. ಹೋದ ವಾರ ವಿಧವೆ ಬ್ರಿಯಾಂದ ಇಗರ್ಜಿಯ ದೊಡ್ಡ ಗಂಟೆಯನ್ನು ಇಳಿಸಲು ಪಾದ್ರಿಯ ಹತ್ತಿರ ಹೋಗುವ ಭಾಗ ಓದಿದೆ. "ಇದು ದೇವರ ಗಂಟೆ" ಎಂದು ಪಾದ್ರಿ ಹೇಳುತ್ತಾನೆ. "ದೇವರಿಗೆ ಕಿವಿ ಚೆನ್ನಾಗಿದೆ ಸ್ವಾಮಿ, ಗಂಟೆ ಇಲ್ಲದಿದ್ದರೂ ಕೇಳಿಸುತ್ತೆ" ಎನ್ನುತ್ತಾಳೆ ಅವಳು. ಆ ಮಾತಿಗೆ ಇಡೀ ಕಾರ್ಖಾನೆ ಚಪ್ಪಾಳೆಯ ಬದಲು ಎಲೆ ಕೊಯ್ಯುವ ಅಲಗುಗಳನ್ನು ಹಲಗೆಗೆ ಬಡಿಯಿತು. ಇನ್ನೂರು ಅಲಗು ಒಟ್ಟಿಗೆ ಬಡಿದರೆ ಹೇಗಿರುತ್ತದೆಂದು ನಿನಗೆ ಗೊತ್ತಿಲ್ಲ, ನೀನು ಕೇಳಿಲ್ಲ. ಎಲೆಯ ನಾರು ತೆಗೆಯುವ ಹೆಂಗಸೊಬ್ಬಳು ಮೊನ್ನೆ ಹುಟ್ಟಿದ ಮಗಳಿಗೆ ಬ್ರಿಯಾಂದ ಎಂದು ಹೆಸರಿಟ್ಟಿದ್ದಾಳೆ. ನಿನ್ನ ಪುಸ್ತಕ ಎಷ್ಟೇ ಸಲ ಅಚ್ಚಾಗಲಿ, ಅದರಿಂದ ಯಾರೂ ಮಗುವಿಗೆ ಕನ್ನಡಿ ಎಂದು ಹೆಸರಿಡುವುದಿಲ್ಲ.

ನಿನ್ನ ಸೆನ್ಯೋರ್ ಲಾಂದೇತನಿಗೆ ಎಂಥ ಕಾದಂಬರಿ ಬೇಕು? ಎಷ್ಟು ಉದ್ದ? ಸುಮ್ಮನೆ ಕೇಳಿದೆ.

ಎವರಿಸ್ತೊ


ಮೆಕ್ಸಿಕೋ ನಗರ
೮ ಏಪ್ರಿಲ್ ೧೯೪೯

ಅಣ್ಣ,

ಪಾದ್ರಿಯ ಹತ್ತಿರ ಆಡಿದ ಆ ಮಾತನ್ನು ಮೂರು ಸಲ ಓದಿದೆ. ಒಳ್ಳೆಯ ಮಾತು. ಬಹಳ ಒಳ್ಳೆಯ ಮಾತು. ಆ ಫ್ರೆಂಚ್‌ನವನು ಬದುಕಿದ್ದರೆ ಅವನ ಕೈ ಕಡಿಯಬೇಕು ಎನಿಸಿತು. ನನ್ನ ಹೊಸ ಪುಸ್ತಕಕ್ಕೆ ಕೂತಿದ್ದೇನೆ, ಒಂದು ವಾಕ್ಯವೂ ಹಾಗೆ ಬರುತ್ತಿಲ್ಲ.

ನಾನೂರು ಪುಟದವರೆಗೂ ಪರವಾಗಿಲ್ಲ ಎನ್ನುತ್ತಾನೆ ಲಾಂದೇತ. ಪುಸ್ತಕ ಪುಡಿಯಾಗುವುದಾದರೆ ನೀನೇ ಕೂತು ನಕಲು ಮಾಡಿ ಕಳಿಸಬಹುದಲ್ಲ?

ಮೂರನೆಯ ಅಚ್ಚು ಬಂದಿದೆ. ಇದನ್ನು ಬರೆಯಬಾರದೆಂದುಕೊಂಡಿದ್ದೆ, ಬರೆದೆ.

ಯುಯಾ


ಮೆಕ್ಸಿಕೋ ನಗರ
೨ ಜೂನ್ ೧೯೪೯

ಅಣ್ಣ,

ಎರಡು ತಿಂಗಳಾಯಿತು. ಕಾಯಿಲೆಯೇ? ಕೋಪವೇ? ಕೋಪವಾದರೆ ಬೈದು ಬರೆ. ಕಾಯಿಲೆಯಾದರೆ ನೀವೆಸ್ ಕೈಲಿ ಬರೆಸು.

ಯುಯಾ


ಕಬಾಯ್ಗ್ವಾನ್
೧೭ ಜುಲೈ ೧೯೪೯

ಯುಯಾ,

ಈ ಕಾಗದವನ್ನು ನಾಲ್ಕು ಸಲ ಹರಿದಿದ್ದೇನೆ. ಈ ಸಲ ಹರಿಯುವುದಿಲ್ಲ.

ನಿನ್ನ ಪುಸ್ತಕಕ್ಕೆ ಏಳು ಮತ ಬರಲಿಲ್ಲ. ಯಾಕೆಂದರೆ ನಾನು ಅದನ್ನು ಮತಕ್ಕೇ ಇಡಲಿಲ್ಲ. ಬಟ್ಟೆಯ ಪೆಟ್ಟಿಗೆಯಲ್ಲಿ, ಚಳಿಗಾಲದ ಕೋಟಿನ ಕೆಳಗೆ ಇಟ್ಟಿದ್ದೆ.

ಏಪ್ರಿಲ್ ಕೊನೆಯಲ್ಲಿ ನೀವೆಸ್‌ಳ ಸೋದರಳಿಯ ಹವಾನದಿಂದ ಒಂದು ಪ್ರತಿ ತಂದುಕೊಟ್ಟ. ಮಾರನೆಯ ದಿನ ನಾನು ಅಟ್ಟಣಿಗೆ ಹತ್ತಿ 'ಉಪ್ಪಿನ ಕೋಟೆ' ತೆರೆಯುವಷ್ಟರಲ್ಲಿ ಅವಳು ಎದ್ದು ನಿಂತಳು, ಕೈಯಲ್ಲಿ ನಿನ್ನ ಪುಸ್ತಕ.

"ದೊನ್ ಎವರಿಸ್ತೊ, ತಂಗಿ ಪುಸ್ತಕ ಬರ್ದಿದಾಳೆ, ನೀವು ಬಾಯೇ ಬಿಡ್ಲಿಲ್ವಲ್ಲ?"

"ಮತಕ್ಕೆ ಇಡೋ ಅಂಥ ದೊಡ್ಡ ಪುಸ್ತಕ ಅಲ್ಲ ನೀವೆಸ್ ಅದು."

"ದೊಡ್ಡದೋ ಚಿಕ್ಕದೋ ನಾವು ನೋಡ್ಕೋತೀವಿ. ಇದರಲ್ಲಿ ನಮ್ಮ ಓಣಿ ಇದೆ, ನನ್ನ ಗಂಡನ ಕಟ್ಟಿಸಿದ ಹಲ್ಲೂ ಇದೆ. ಕೈ ಎತ್ರಪ್ಪ."

ನೂರ ಎಪ್ಪತ್ತೊಂದು ಕೈ. ಕೋಟೆಯ ಗೋಡೆಗೆ ಏಣಿ ಹಚ್ಚಿದ್ದ ಕಡಲ್ಗಳ್ಳರನ್ನು ಏಣಿಯ ಮೇಲೇ ಬಿಟ್ಟು ನಾನು ಕನ್ನಡಿ ಹಿಡಿಯಬೇಕಾಯಿತು.

ಕೆಟ್ಟದಾಗಿ ಓದಿದೆ, ಯುಯಾ. ಬೇಕೆಂದೇ. ಪತ್ರಿಕೆಯಲ್ಲಿ ಸತ್ತವರ ಪಟ್ಟಿ ಓದುವ ಹಾಗೆ ಓದಿದೆ. ನಗು ಬರುವ ಕಡೆ ನಿಲ್ಲಿಸಿ ನೀರು ಕುಡಿದೆ. ಅವರು ಮೇಜಿನ ಮೇಲೆ ಬಿದ್ದು ನಕ್ಕರು. ಮುಖ ಗಂಟಿಕ್ಕಿದೆ, ಇನ್ನೂ ಜೋರಾಗಿ ನಕ್ಕರು. "ಎಂಥ ನಟನೆ ಇವರದ್ದು, ಒಂಚೂರೂ ನಗದೆ ಓದ್ತಾರಲ್ಲ" ಎಂದು ಹಿಂದಿನ ಸಾಲಿನಲ್ಲಿ ಯಾರೋ ಹೇಳಿದ್ದು ಕೇಳಿಸಿತು. ಇಪ್ಪತ್ತಾರು ವರ್ಷದಲ್ಲಿ ನನ್ನ ಓದಿಗೆ ಅಷ್ಟು ಹೊಗಳಿಕೆ ಬಂದಿರಲಿಲ್ಲ. ಬಂದದ್ದು ನಿನ್ನಿಂದ. ನನಗೆ ಮೈಯೆಲ್ಲ ಉರಿಯಿತು.

ಐದನೆಯ ದಿನ ಮೂರನೆಯ ಅಧ್ಯಾಯ ಮುಗಿಸಿ ನೇರವಾಗಿ ಐದಕ್ಕೆ ಹೋದೆ.

"ನಾಲ್ಕು ಎಲ್ಲಿ ಹೋಯ್ತು?" ಎಂದಳು ನೀವೆಸ್.

"ಅಚ್ಚಿನ ತಪ್ಪು."

"ನನ್ನ ಪುಸ್ತಕದಲ್ಲಿ ತಪ್ಪಿಲ್ವಲ್ಲ. ಕೋಳಿಗಳ ಅಧ್ಯಾಯ ಅಲ್ವಾ ಅದು?"

ಎಲ್ಲರೂ ನನ್ನ ಮುಖ ನೋಡಿದರು. ನಾನು ಪುಸ್ತಕ ಮುಚ್ಚಿ ಇಳಿದು ಮನೆಗೆ ಹೋದೆ. ಗಂಟಲು ನೋವೆಂದು ಹೇಳಿ ಕಳಿಸಿದೆ. ಮೂರನೆಯ ದಿನ ಓದಿನ ಸಮಿತಿಯ ಬಾಲ್ದೊಮೇರೊ ಬಾಗಿಲಿಗೆ ಬಂದು, ಟೋಪಿ ತೆಗೆದು, ಒಳಗೆ ಬಾರದೆ ಹೊಸ್ತಿಲಲ್ಲೇ ನಿಂತ.

"ಗಂಟಲು ಹೇಗಿದೆ?"

"ಹಾಗೇ ಇದೆ."

"ನೋಡಿ, ಮಧ್ಯಾಹ್ನದ ಹೊತ್ತಿಗೆ ರೇಡಿಯೋ ಹಾಕಿಸ್ಬಿಡೋಣ ಅಂತಿದಾರೆ ಮಾಲೀಕರು. ಒಂದ್ಸಲ ಅದು ಗೋಡೆ ಹತ್ತಿದ್ರೆ ಮತ್ತೆ ಇಳಿಯಲ್ಲ, ನಿಮಗೂ ಗೊತ್ತು. ನೀವು ಚಿಕ್ಕವರಿದ್ದಾಗ ಕೋಳಿಗೆ ಏನ್ ಹೇಳಿದ್ರಿ ಅಂತ ಕೇಳಿ ನಾವು ನಿಮ್ಮನ್ನ ಕೀಳಾಗಿ ನೋಡ್ತೀವಾ?"

ಸೋಮವಾರ ಹೋದೆ. ಓದಿದೆ.

ನಿನಗೆ ಹೇಳಲೇಬೇಕಾದದ್ದು ಇದು. ಫೆಬ್ರವರಿಯಲ್ಲಿ ನಾನು ಆ ಅಧ್ಯಾಯವನ್ನು ಅರ್ಧಕ್ಕೇ ಮುಚ್ಚಿಟ್ಟಿದ್ದೆ. ಹನ್ನೆರಡು ವರ್ಷದ ಎವರಿಸ್ತೊ ಅಪ್ಪನ ಕೋಟು ಹಾಕಿಕೊಂಡು, ಬುಟ್ಟಿ ಕವುಚಿ ಹಾಕಿ ಅದರ ಮೇಲೆ ನಿಂತು, ಒಂಬತ್ತು ಕೋಳಿಗಳಿಗೆ ಹಳೆಯ ಪತ್ರಿಕೆ ಓದಿ ಹೇಳುತ್ತಾನೆ. ಹುಂಜ ನಡುವೆ ಬಾಯಿ ಹಾಕಿದರೆ "ಸಭಿಕರು ಶಾಂತರಾಗಬೇಕು" ಎನ್ನುತ್ತಾನೆ. ಅಲ್ಲಿಗೆ ನನಗೆ ಸಾಕಾಗಿತ್ತು. ಈ ಸಲ ನಿಲ್ಲಿಸುವಂತಿರಲಿಲ್ಲ. ಹುಂಜದ ಮಾತಿಗೆ ನೀವೆಸ್ ಕುರ್ಚಿಯಿಂದ ಜಾರಿದಳು. ನಾನು ಪುಟ ತಿರುವಿದೆ. ಎಂದೂ ನೋಡಿರದ ಪುಟ. ಇನ್ನೂರು ಜನರ ಮುಂದೆ, ಮೊದಲ ಸಲ, ಜೋರಾಗಿ ಓದಿದೆ:

'ಅಡುಗೆಮನೆಯ ಕಿಟಕಿಯ ಕೆಳಗೆ ಕೂತು ನಾನೂ ಕೇಳುತ್ತಿದ್ದೆ. ನನಗೆ ಅಕ್ಷರ ಬರುವ ಮೊದಲೇ ಅವನ ದನಿಯಲ್ಲಿ ಊರುಗಳು, ಸಮುದ್ರ, ಯುದ್ಧ ಎಲ್ಲ ಬಂದುಹೋದವು. ನನ್ನನ್ನು ಕಂಡರೆ ಓದು ನಿಲ್ಲಿಸಿಬಿಡುತ್ತಿದ್ದ. ಕೋಳಿಗಳಿಗೆ ಸಿಕ್ಕಿದ್ದ ಜಾಗ ನನಗೆ ಸಿಗಲಿಲ್ಲ. ಆ ಕೋಳಿಗಳ ಮೇಲೆ ನನಗಿದ್ದಷ್ಟು ಹೊಟ್ಟೆಕಿಚ್ಚು ಆಮೇಲೆ ಯಾರ ಮೇಲೂ ಬಂದಿಲ್ಲ. ಅವು ಒಂದೊಂದಾಗಿ ಸಾರಿನ ಪಾತ್ರೆಗೆ ಬಿದ್ದ ದಿನಗಳಲ್ಲಿ ನಾನು ಎರಡೆರಡು ಸಲ ಬಡಿಸಿಕೊಂಡು ತಿಂದೆ.'

ನಗಬೇಕಾದ ಜಾಗ. ಯಾರೂ ನಗಲಿಲ್ಲ, ಯಾಕೆಂದರೆ ನನ್ನ ದನಿ 'ನನ್ನನ್ನು ಕಂಡರೆ' ಎನ್ನುವಲ್ಲೇ ಒಡೆದುಹೋಗಿತ್ತು. ಆಮೇಲೆ ಅಲಗುಗಳು ಬಡಿದವು, ಬಹಳ ಹೊತ್ತು. ಅದು ನಿನಗೆ ಬಂದ ಸದ್ದು. ನಾನು ಅಲ್ಲಿ ನಿಂತು ನಿನ್ನ ಪರವಾಗಿ ಕೇಳಿಸಿಕೊಂಡೆ. ಕೇಳಿಸಿಕೊಳ್ಳುತ್ತಲೇ ಸಂಕಟವೂ ಆಯಿತು. ಸುಳ್ಳು ಹೇಳಿ ಏನು ಪ್ರಯೋಜನ.

ನಿಲ್ಲಿಸುತ್ತಿದ್ದೆ ಎನ್ನುವುದು ನಿಜವೇ? ನೆನಪಿಲ್ಲ. ನಿಜವಿರಬೇಕು.

ಇನ್ನೊಂದು. ಆರ್ಮಾಂದ್ ದ ವಿಲ್ಗ್ರೆನ್ ಎಂಬುವನು ಇಲ್ಲ. 'ಉಪ್ಪಿನ ಕೋಟೆ' ನನ್ನದು. ಆರು ವರ್ಷದಿಂದ ಬರೆದದ್ದು. ನಮ್ಮ ಓದುವವನೇ ಬರೆದದ್ದೆಂದರೆ ಯಾರು ಮತ ಹಾಕುತ್ತಾರೆ ಎಂದು ಆ ಹೆಸರು ಕಟ್ಟಿದೆ. ಹನ್ನೊಂದು ನೋಟ್‌ಬುಕ್ಕುಗಳನ್ನು ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ. ಬೇರೆ ಪ್ರತಿ ಇಲ್ಲ. ಲಾಂದೇತನಿಗೆ ತೋರಿಸುವ ಮೊದಲು ನೀನು ಓದು. ನಿನ್ನ ಮಾತು ನನಗೆ ಮುಖ್ಯ.

ಅಣ್ಣ


ಕಬಾಯ್ಗ್ವಾನ್
೪ ಸೆಪ್ಟೆಂಬರ್ ೧೯೪೯

ಯುಯಾ,

ನೋಟ್‌ಬುಕ್ಕುಗಳು ತಲುಪಿದವೆಂದು ಅಂಚೆಯವರು ಚೀಟಿ ಕೊಟ್ಟಿದ್ದಾರೆ. ನಿನ್ನ ಕೈಬರಹದ ಸಹಿಯೇ ಇದೆ.

ನಿನ್ನ ಪುಸ್ತಕ ಓದಿ ಮುಗಿಸಿದೆ. ಈಗ ಮತ್ತೆ 'ಉಪ್ಪಿನ ಕೋಟೆ' ಬೇಕು ಎನ್ನುತ್ತಿದ್ದಾರೆ. ಏಣಿ ಹತ್ತಿದವರು ಏನಾದರು ಎಂದು ದಿನಾ ಕೇಳುತ್ತಾರೆ. ಪುಸ್ತಕ ರಟ್ಟು ಕಟ್ಟಿಸಲು ಹೋಗಿದೆ ಎಂದು ಹೇಳಿದ್ದೇನೆ.

ಓದಿದೆಯಾ?

ಅಣ್ಣ


ಕಬಾಯ್ಗ್ವಾನ್
೧೬ ಅಕ್ಟೋಬರ್ ೧೯೪೯

ಯುಯಾ,

ಮೂರು ತಿಂಗಳಾಯಿತು. ಅರ್ಥವಾಯಿತು.

ಕೆಟ್ಟದಾಗಿದ್ದರೆ ಕೆಟ್ಟದಾಗಿದೆ ಎಂದು ಒಂದು ಸಾಲು ಬರೆಯಬಹುದಿತ್ತು. ನನ್ನ ಅಲ್ಪವಿರಾಮ, ನನ್ನ ಕತ್ತೆಯ ಹೆಸರು ಏನು ಬೇಕಾದರೂ ಹಿಡಿದು ಆಡಿಕೊಳ್ಳಬಹುದಿತ್ತು. ನಾನು ನಿನಗೆ ಮಾಡಿದ್ದೂ ಅದನ್ನೇ. ಆದರೆ ನಾನು ನಾಲ್ಕು ವಾರದಲ್ಲಿ ಮಾಡಿದ್ದೆ.

ರಟ್ಟು ಕಟ್ಟುವವನ ಕಥೆ ಹೆಚ್ಚು ದಿನ ನಡೆಯಲಿಲ್ಲ. ಊರಿನಲ್ಲಿ ರಟ್ಟು ಕಟ್ಟುವವನು ಒಬ್ಬನೇ, ಅವನು ಬಾಲ್ದೊಮೇರೊನ ಭಾವ. ಹೋದ ಮಂಗಳವಾರ ನಿಜ ಹೇಳಿದೆ. ಬರೆದವನು ನಾನೇ ಎಂದು ಹೇಳಿ ತಲೆ ತಗ್ಗಿಸಿ ನಿಂತೆ.

"ನಮಗೆ ಮಾರ್ಚ್‌ನಲ್ಲೇ ಗೊತ್ತಾಗಿತ್ತು" ಎಂದಳು ನೀವೆಸ್. "ಆ ಫ್ರೆಂಚ್ ಕಡಲ್ಗಳ್ಳ ನಮ್ಮೂರ ಮಲಂಗ ಗೆಡ್ಡೆ ಬೇಯಿಸಿ, ನಮ್ಮ ಹಾಗೇ ಬೆಳ್ಳುಳ್ಳಿ ಒಗ್ಗರಣೆ ಸುರ್ಕೊಂಡು ತಿಂತಾನಲ್ಲ, ಅವತ್ತೇ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಹೇಳ್ಲಿ ಅಂತ. ಈಗ ಆ ನೋಟ್‌ಬುಕ್ಕು ತರಿಸಿ."

ತಂಗಿಯ ಹತ್ತಿರ ಇದೆ, ಅವಳಿಗೆ ಹಿಡಿಸಿಲ್ಲ ಎಂದೆ. ಅವಳಿಗೆ ಹಿಡಿಸೋದು ಯಾರಿಗೆ ಬೇಕು ಎಂದರು. ಹಾಗಾಗಿ ಕೇಳುತ್ತಿದ್ದೇನೆ. ಲಾಂದೇತನ ಮಾತು ಬಿಡು. ಅವರಿಗಾಗಿ ವಾಪಸು ಕಳಿಸು.

ಎವರಿಸ್ತೊ ಕಿನ್ಯೋನೆಸ್


ಮೆಕ್ಸಿಕೋ ನಗರ
೨೦ ನವೆಂಬರ್ ೧೯೪೯

ಅಣ್ಣ,

ನಿನ್ನ ನೋಟ್‌ಬುಕ್ಕುಗಳನ್ನು ಬಂದ ಮೂರೇ ದಿನದಲ್ಲಿ ಓದಿ ಮುಗಿಸಿದೆ. ಟ್ರಾಮ್‌ನಲ್ಲಿ ಓದುತ್ತ ಎರಡು ಸಲ ಇಳಿಯುವ ಜಾಗ ತಪ್ಪಿ ಮುಂದೆ ಹೋದೆ. ಆಗಸ್ಟ್ ಐದಕ್ಕೆ ಹನ್ನೊಂದನೆಯದನ್ನು ಮುಚ್ಚಿದೆ. ಅದೇ ದಿನ ಎಲ್ಲವನ್ನೂ ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ, ಕಾರ್ಬನ್ ಕಾಗದದ ಕಟ್ಟಿನ ಅಡಿಯಲ್ಲಿಟ್ಟು ಬೀಗ ಹಾಕಿದೆ.

ಕೆಟ್ಟದಾಗಿದೆ ಎಂದು ಅಲ್ಲ.

ಬ್ರಿಯಾಂದ ಗುಡುಗಿಗೆ ಹೆದರುತ್ತಾಳೆ. ಮಂಚದ ಕೆಳಗೆ ಹೋಗುತ್ತಾಳೆ, ಅಲ್ಲಿಂದಲೇ ಆಳುಗಳಿಗೆ ಅಪ್ಪಣೆ ಕೊಡುತ್ತಾಳೆ. ಆಮೇಲೆ ಕಿವಿಗೆ ಅರಳೆ ತುರುಕಿಕೊಂಡು, ಅಳುತ್ತ, ಕೋಟೆಯ ಮೇಲೆ ಹೋಗಿ ತಾನು ಎರೆದ ಫಿರಂಗಿಗೆ ತಾನೇ ಬೆಂಕಿ ಇಡುತ್ತಾಳೆ. ನಾನು ಅದೇ ಅಮ್ಮನನ್ನು, ಅದೇ ಮಂಚದ ಕೆಳಗಿನಿಂದ ಹೊರಗೆಳೆದು ಊರಿಗೆಲ್ಲ ತೋರಿಸಿ ನಗಿಸಿದೆ. ನೀನು ಅವಳನ್ನು ಕೋಟೆ ಕಾಯಲು ಕಳಿಸಿದೆ. ಅವಳು ಅಷ್ಟು ದೊಡ್ಡವಳೆಂದು ನಿನಗೆ ತಿಳಿದಿತ್ತು, ನನಗೆ ತಿಳಿದಿರಲಿಲ್ಲ. ಅವಳ ಕೊನೆಯ ದಿನಗಳಲ್ಲಿ ನೀನು ಅಲ್ಲಿದ್ದೆ, ನಾನು ಇರಲಿಲ್ಲ. ನನಗೆ ಅದನ್ನು ತಡೆಯಲಾಗಲಿಲ್ಲ.

ಲಾಂದೇತ ಮೂರು ಸಲ ಕೇಳಿದ, "ನಿಮ್ಮಣ್ಣ ಕಳಿಸ್ತೀನಿ ಅಂದಿದ್ದು ಬಂತಾ?" ಮೂರು ಸಲವೂ ಇಲ್ಲ ಎಂದೆ. ಮೂರನೆಯ ಸಲ ಖಾನೆಯ ಮೇಲೆ ಕಾಲಿಟ್ಟುಕೊಂಡೇ ಹೇಳಿದೆ.

ಇನ್ನೂ ಇದೆ. ಓದಿ ಹರಿದುಬಿಡಬೇಡ. ಸೆಪ್ಟೆಂಬರ್‌ನಲ್ಲಿ, ನನ್ನ ಹೊಸ ಪುಸ್ತಕ ಮುಂದೆ ಹೋಗದಿದ್ದಾಗ, ನಿನ್ನ ಏಳನೆಯ ನೋಟ್‌ಬುಕ್ಕಿನ ಒಂದು ಪುಟವನ್ನು ತೆಗೆದು, ಹೆಸರುಗಳನ್ನು ಬದಲಿಸಿ, ನನ್ನ ಕಥೆಯ ನಡುವೆ ಬೆರಳಚ್ಚು ಮಾಡಿದೆ. ಹೇಗೆ ಕಾಣುತ್ತದೆಂದು ನೋಡಲು ಎಂದುಕೊಂಡೆ. ಚೆನ್ನಾಗಿ ಕಂಡಿತು. ನನ್ನದೇ ಎನ್ನುವ ಹಾಗೆ ಕಂಡಿತು. ಎರಡು ದಿನ ಹಾಗೇ ಬಿಟ್ಟಿದ್ದೆ. ಮೂರನೆಯ ದಿನ ಕಚೇರಿಯ ಹುಡುಗಿಯೊಬ್ಬಳು ಅದನ್ನೋದಿ, "ಇದು ನೀವು ಬರೆದದ್ದರಲ್ಲೆಲ್ಲ ಚೆನ್ನಾಗಿದೆ" ಎಂದಳು. ಬೆರಳಚ್ಚಿನ ಆ ಹಾಳೆಯನ್ನು ಶೌಚಾಲಯಕ್ಕೆ ಒಯ್ದು ಹರಿದು ಹಾಕಿದೆ. ನಿನ್ನ ಸೆಪ್ಟೆಂಬರ್ ಕಾಗದ ಆಗ ನನ್ನ ಚೀಲದಲ್ಲೇ ಇತ್ತು.

ಚಿಕ್ಕಂದಿನಿಂದಲೂ ಹೀಗೇ ನನಗೆ. ಅಪ್ಪ ನಿನ್ನನ್ನು ಕಾರ್ಖಾನೆಗೆ ಕರೆದೊಯ್ದು ಅಟ್ಟಣಿಗೆ ಹತ್ತಿಸಿದ ದಿನ ನಾನು ಪಾತ್ರೆ ತೊಳೆಯುತ್ತಿದ್ದೆ. ಪುಸ್ತಕ ಎಷ್ಟು ಅಚ್ಚಾದರೇನು, ಓದುವವರ ಮುಖ ನನಗೆ ಕಾಣುವುದಿಲ್ಲ. ನಿನಗೆ ದಿನಾ ಕಾಣುತ್ತದೆ.

ನಿನ್ನ ಅಕ್ಟೋಬರ್ ಕಾಗದ ಬಂದಾಗ ಖಾನೆ ತೆಗೆದೆ. ಇಪ್ಪತ್ತು ದಿನ ಬೇರೆ ಕೆಲಸ ಮುಟ್ಟದೆ ಹನ್ನೊಂದೂ ನೋಟ್‌ಬುಕ್ಕುಗಳನ್ನು ಬೆರಳಚ್ಚು ಮಾಡಿದೆ. ಒಂದು ಅಲ್ಪವಿರಾಮವನ್ನೂ ಬದಲಿಸಿಲ್ಲ. ಮಲಂಗವನ್ನೂ ಬಿಟ್ಟಿದ್ದೇನೆ. ಮೊನ್ನೆ ಗುರುವಾರ ಲಾಂದೇತನ ಮುಂದಿಟ್ಟು, ಇಷ್ಟು ದಿನ ಬಚ್ಚಿಟ್ಟಿದ್ದೆ ಎಂದು ಹೇಳಿದೆ. ಅವನು ಕಾಗದ ಎತ್ತಿಕೊಂಡು ಹೋದ. ಇವತ್ತು ಬೆಳಿಗ್ಗೆ ಬಂದು ಕೇಳಿದ, "ಇದು ಯಾವ ಅಣ್ಣ? ಕೋಳಿಗಳ ಅಣ್ಣನಾ?"

"ಅವನೇ."

"ಅಚ್ಚು ಹಾಕ್ತೀನಿ. ಫ್ರೆಂಚ್ ಹೆಸರು ಬೇಡ, ಅವನದ್ದೇ ಇರಲಿ."

ನೋಟ್‌ಬುಕ್ಕುಗಳನ್ನು ಅಂಚೆಗೆ ಹಾಕಲು ನನಗೆ ಧೈರ್ಯವಿಲ್ಲ. ನಾನೇ ತರುತ್ತೇನೆ. ಜನವರಿ ಹತ್ತೊಂಬತ್ತಕ್ಕೆ ವೆರಾಕ್ರೂಸ್‌ನಿಂದ ಹಡಗು. ನೀನು ಓದುವುದನ್ನು ಒಂದು ಸಲವೂ ನಾನು ಎದುರಿಗೆ ಕೂತು ಕೇಳಿಲ್ಲ. ಕಾರ್ಖಾನೆಯಲ್ಲಿ ಒಂದು ಕುರ್ಚಿ ಹಾಕಿಸು. ನಾನ್ಯಾರೆಂದು ಹೇಳಬೇಡ.

ಬರಬೇಡ ಎಂದರೆ ನೀವೆಸ್ ಮನೆಯಲ್ಲಿ ಇಳಿದುಕೊಂಡು, ನೋಟ್‌ಬುಕ್ಕು ಕೊಟ್ಟು ಹೋಗುತ್ತೇನೆ.

ಯುಯಾ


ಕಬಾಯ್ಗ್ವಾನ್
೮ ಡಿಸೆಂಬರ್ ೧೯೪೯

ಯುಯಾ,

ನಿನ್ನ ಕಾಗದ ಓದಿ ಮುದ್ದೆ ಮಾಡಿ ಮೂಲೆಗೆ ಎಸೆದೆ. ಖಾನೆಯ ವಿಷಯಕ್ಕಲ್ಲ. ನಾನೂ ಪೆಟ್ಟಿಗೆಯಲ್ಲಿಟ್ಟವನೇ, ಅದು ನನಗೆ ಅರ್ಥವಾಗುತ್ತದೆ. ಏಳನೆಯ ನೋಟ್‌ಬುಕ್ಕಿನ ಪುಟದ ವಿಷಯಕ್ಕೆ. ಬಹಳ ಸಿಟ್ಟು ಬಂತು. ನಿನ್ನನ್ನು ಬಾಯಿಗೆ ಬಂದಂತೆ ಬೈದೆ, ಗೋಡೆಯ ಮುಂದೆ ನಿಂತು. ಆಮೇಲೆ ಅದು ಯಾವ ಪುಟವಿರಬಹುದೆಂದು ಯೋಚಿಸತೊಡಗಿದೆ. ಬ್ರಿಯಾಂದ ಗಂಡನ ಅಂಗಿಯನ್ನು ಕತ್ತರಿಸಿ ಬತ್ತಿ ಮಾಡುವ ಪುಟವೇ? ಅದೇ ಆಗಿದ್ದರೆ ಒಳ್ಳೆಯದನ್ನೇ ಆರಿಸಿದ್ದೀ. ಎದುರಿಗೆ ಸಿಕ್ಕಾಗ ಇನ್ನೊಂದು ಸಲ ಬೈಯುತ್ತೇನೆ, ಗೋಡೆಗೆ ಬೈದದ್ದು ಸಾಲದು. ಆಮೇಲೆ ಊಟ ಮಾಡೋಣ.

ನೀವೆಸ್ ಮನೆಯಲ್ಲಿ ಯಾಕೆ ಇಳಿಯುತ್ತೀ? ನಿನ್ನ ಕೋಣೆ ಹಾಗೇ ಇದೆ.

ನೀನು ಯಾರೆಂದು ಹೇಳಬೇಡ ಎಂದಿದ್ದೆ. ಹೇಳಿಬಿಟ್ಟೆ. ನೋಟ್‌ಬುಕ್ಕು ಯಾವಾಗ ಬರುತ್ತದೆಂದು ದಿನಾ ಕೇಳುವವರಿಗೆ ಏನು ಹೇಳಲಿ? ಹೇಳಿದ ಕೂಡಲೇ ನೀವೆಸ್ ಎದ್ದು ನಿಂತಳು. ಅವಳು ಎದ್ದು ನಿಂತರೆ ನನಗೆ ಈಗ ಭಯ.

"ಹಾಗಾದ್ರೆ ಉಳಿದದ್ದನ್ನೆಲ್ಲ ನೀವು ಓದಿ ದೊನ್ ಎವರಿಸ್ತೊ, ಕೊನೇ ಅಧ್ಯಾಯ ಯುಯಾ ಓದ್ಲಿ" ಎಂದಳು.

"ಅವಳು ಓದಿ ಹೇಳೋಳಲ್ಲ. ಇಷ್ಟು ದೊಡ್ಡ ಜಾಗದಲ್ಲಿ ಅವಳ ದನಿ ಕೇಳಿಸೋದೇ ಇಲ್ಲ."

"ನಾವು ಅಲಗು ಸದ್ದು ಮಾಡಲ್ಲ. ಕೈ ಎತ್ರಪ್ಪ."

ನೂರ ಹನ್ನೆರಡು ಪರ, ತೊಂಬತ್ತು ವಿರುದ್ಧ. ನಾನೂ ವಿರುದ್ಧ ಕೈ ಎತ್ತಿದೆ. ಓದುವವನಿಗೆ ಮತವಿಲ್ಲ ಎಂದು ಬಾಲ್ದೊಮೇರೊ ನನ್ನ ಕೈ ಇಳಿಸಿದ. ತೊಂಬತ್ತು ಜನ ನನ್ನ ಕಡೆ ಇದ್ದರು ಎನ್ನುವುದನ್ನು ನೀನು ತಿಳಿದಿರಬೇಕು, ಅದಕ್ಕೇ ಬರೆದೆ. ಆರು ವರ್ಷ ಬರೆದವನು ನಾನು, ಕೊನೆಯ ಅಧ್ಯಾಯಕ್ಕೆ ಬಡಿಯುವ ಅಲಗುಗಳು ನಿನಗೆ. ಆದರೂ ಮತ ಎಂದರೆ ಮತ.

ಈಗ ಸರಿಯಾಗಿ ಕೇಳು. ಅಟ್ಟಣಿಗೆಗೆ ಐದು ಮೆಟ್ಟಿಲು, ಮೂರನೆಯದು ಅಲುಗಾಡುತ್ತದೆ. ಹತ್ತಿದ ಕೂಡಲೇ ಓದಬೇಡ. ಕೂತುಕೋ, ಪುಟ ಸರಿಮಾಡಿಕೋ, ಅವರು ಸುಮ್ಮನಾಗಲಿ. ನೀರು ತಣ್ಣಗಿರಬಾರದು. ಮೊದಲ ವಾಕ್ಯ ನಿಧಾನ. ಬ್ರಿಯಾಂದ ಸಾಯುವ ಕಡೆ ಅಳಬೇಡ, ನೀನು ಅತ್ತರೆ ಅವರು ಅಳುವುದಿಲ್ಲ. ದನಿ ಹೊಟ್ಟೆಯಿಂದ ಬರಲಿ, ಕೊನೆಯ ಸಾಲಿಗೆ ಕೇಳಿಸಬೇಕು. ಎಲೆ ತುಂಬುವ ಬುಟ್ಟಿಗಳ ಪಕ್ಕ, ಕೊನೆಯ ಸಾಲಿನಲ್ಲಿ ನನಗೊಂದು ಕುರ್ಚಿ ಹಾಕಿಸಿಕೊಂಡಿದ್ದೇನೆ. ಕೇಳಿಸದಿದ್ದರೆ ಕೈ ಎತ್ತುತ್ತೇನೆ.

ಅಣ್ಣ